ನಂದಿ ಕೋಟೆಯ ಸಿಪಾಯಿ ಎಷ್ಟೆತ್ತರ ಇರಬೇಕು?

ಪ್ರಶ್ನೆ: ಹತ್ತು ವರ್ಷದಿಂದ 1/72 ಅಳತೆಯ (ನಿಜ ಗಾತ್ರದ 72ನೇ ಒಂದು ಪಾಲು) ಪ್ಲಾಸ್ಟಿಕ್ ಸೈನಿಕರಿಗೆ ಬಣ್ಣ ಹಾಕುತ್ತಿದ್ದೇನೆ. ಈಗ ಕನ್ನಡಕವಿದ್ದರೂ ಕಣ್ಣು ಸೋಲುತ್ತಿದೆ. 1791ರಲ್ಲಿ ನಂದಿ ಕೋಟೆ ಕಾದ ಟಿಪ್ಪುವಿನ ಸಿಪಾಯಿಯೊಬ್ಬನನ್ನು ದೊಡ್ಡದಾಗಿ ಮಾಡಿ ಹಾಲ್‌ನ ಶೋಕೇಸಿನಲ್ಲಿ ನಿಲ್ಲಿಸುವ ಆಸೆ. 54, 75, 90, 120 ಮಿ.ಮೀ. ಎತ್ತರದವು ಅಂತೆಲ್ಲ ಇವೆ. ಯಾವುದು ತರಲಿ? ಲೋಹವೋ ರೆಸಿನ್ನೋ (ಅಚ್ಚಿನಲ್ಲಿ ಹೊಯ್ದ ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು)?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: 120 ತನ್ನಿ. ಆದರೆ ಒಬ್ಬನನ್ನೇ ತನ್ನಿ.

ಕಾರಣ ಕಣ್ಣು, ನಿಮ್ಮದೂ ಬೊಂಬೆಯದೂ. 54 ಮಿ.ಮೀ. ಅಂದರೆ ಸುಮಾರು 1/32. ಇಂಗ್ಲೆಂಡಿನ ಆಟಿಕೆ ಕಂಪನಿ ಬ್ರಿಟನ್ಸ್ 1893ರಿಂದ ಟೊಳ್ಳು ಸೀಸದ ಸೈನಿಕರನ್ನು ಹೊಯ್ದದ್ದು ಇದೇ ಅಳತೆಗೆ. 75 ಎಂದರೆ 1/24ರ ಹತ್ತಿರ, 120 ಎಂದರೆ 1/16. ನಮ್ಮ ಕಣ್ಣಿನ ಅಗಲ ಸುಮಾರು 30 ಮಿ.ಮೀ. ಭಾಗಿಸಿ ನೋಡಿ: 54ರ ಸಿಪಾಯಿಗೆ ಗಸಗಸೆಯಷ್ಟು ಕಣ್ಣು, 120ರವನಿಗೆ ರಾಗಿ ಕಾಳಿನಷ್ಟು. ಗಸಗಸೆಯೊಳಗೆ ಕಪ್ಪು ಗುಡ್ಡೆ ಕೂರಿಸುವ ಸರ್ಕಸ್ ನಿಮಗೆ ಇನ್ನು ಬೇಡ. ಸೋಫಾದಲ್ಲಿ ಕೂತ ನೆಂಟರಿಗೂ ಮುಖ ಕಾಣಬೇಕಲ್ಲ.

ಒಂದು ಎಚ್ಚರಿಕೆ. ದೊಡ್ಡದು ಸುಲಭ ಅಂದುಕೊಂಡರೆ ಕೆಟ್ಟಿರಿ. 1/72ರಲ್ಲಿ ಅಂಗಿಗೆ ಒಂದೇ ಬಣ್ಣ ಬಳಿದು ಮೇಲೊಂದು ಕಂದು ನೀರು ಹರಿಸಿದರೆ ಸಾಕಿತ್ತು. 120ರಲ್ಲಿ ಅದೇ ಮಾಡಿದರೆ ಜಾತ್ರೆ ಬೊಂಬೆ ಆಗುತ್ತೆ. ಮಡಿಕೆಯ ಒಳಗೆ ಗಾಢ, ಉಬ್ಬಿದ ಅಂಚಿಗೆ ತಿಳಿ, ಮಧ್ಯೆ ಮೂರ್ನಾಲ್ಕು ಛಾಯೆ ಬೇಕು. ಟಿಪ್ಪು ಸಿಪಾಯಿಯ ಹುಲಿಪಟ್ಟೆ ಬೇರೆ ಇದೆ. ಪಟ್ಟೆಯನ್ನು ನೇರ ಎಳೆದುಬಿಡಬೇಡಿ, ಬಟ್ಟೆ ಮಡಿದಲ್ಲಿ ಪಟ್ಟೆಯೂ ಮುರಿಯಬೇಕು. ಈ ವೇಷದ ಸಿಪಾಯಿ ಸಿದ್ಧ ಕಿಟ್ಟಿನಲ್ಲಿ ಸಿಗದಿದ್ದರೆ ಅದೇ ಕಾಲದ ಬೇರೆ ಸಿಪಾಯಿಯನ್ನು ತಂದು, ಎಪಾಕ್ಸಿ ಪುಟ್ಟಿಯಲ್ಲಿ (ಎರಡು ಮುದ್ದೆ ಕಲೆಸಿದರೆ ಗಟ್ಟಿಯಾಗುವ ಮೆತ್ತು) ಪೇಟ, ಅಂಗಿ ತಿದ್ದಿಕೊಳ್ಳಿ. ಈ ಗಾತ್ರದಲ್ಲಿ ಅದಕ್ಕೆ ಬೆರಳಾಡಲು ಜಾಗವಿದೆ.

ಕುದುರೆ ಸವಾರನ ಯೋಚನೆ ಸದ್ಯಕ್ಕೆ ಬಿಡಿ. 1/16ರ ಕುದುರೆ ಮೂತಿಯಿಂದ ಬಾಲದವರೆಗೆ ಮುಕ್ಕಾಲು ಗೇಣು ಜಾಗ ತಿನ್ನುತ್ತೆ.

ವಸ್ತು ರೆಸಿನ್ ಇರಲಿ. ಇಷ್ಟು ದೊಡ್ಡ ಲೋಹದ ಬೊಂಬೆಯ ಭಾರವೆಲ್ಲ ಕಣಕಾಲಿನ ಮೇಲೆ ಬೀಳುತ್ತೆ. ರೆಸಿನ್‌ಗೂ ಹಿಮ್ಮಡಿಯಲ್ಲಿ ತೂತು ಕೊರೆದು ಹಿತ್ತಾಳೆ ತಂತಿ ಇಳಿಸಿಯೇ ಪೀಠಕ್ಕೆ ಅಂಟಿಸಿ. ಉಜ್ಜುವಾಗ ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿ, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಬಂದೂಕಿನ ನಳಿಗೆ ಬಾಗಿದ್ದರೆ ಬಿಸಿನೀರಲ್ಲಿ ಅದ್ದಿ, ನೇರ ಮಾಡಿ, ಹಾಗೇ ತಣ್ಣೀರಿಗೆ ಹಾಕಿ. ಪಡುವಣ ಕಿಟಕಿಯ ಬಿಸಿಲು ಬೀಳುವ ಕಡೆ ಶೋಕೇಸ್ ಇದ್ದರೆ ನಳಿಗೆ ಬೇಸಿಗೆಯಲ್ಲಿ ಮತ್ತೆ ಬಾಗಬಹುದು.

ಲೋಹದ ಮಾತು ಬಂತು, ನನ್ನ ಎಡವಟ್ಟೊಂದು ಹೇಳಿಬಿಡುತ್ತೇನೆ. ಹಳೆಯ ಸೀಸದ ಸೈನಿಕನೊಬ್ಬನನ್ನು ಹೊಸ ಪ್ಲೈವುಡ್ ಶೋಕೇಸಿನಲ್ಲಿಟ್ಟು ಬಾಗಿಲು ಭದ್ರ ಮಾಡಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದಡಿಯಿಂದ ವಿಭೂತಿಯಂಥ ಬಿಳಿ ಪುಡಿ ಎದ್ದು ಒಂದು ಕಾಲೇ ಉದುರಿತು. ಪ್ಲೈವುಡ್ಡಿನ ಅಂಟು, ಹಸಿ ವಾರ್ನಿಶ್, ಕೆಲವು ಮರಗಳು ಬಿಡುವ ಆಮ್ಲದ ಆವಿ ಸೀಸವನ್ನು ಹೀಗೆ ತಿನ್ನುತ್ತೆ. ಆ ಪುಡಿ ವಿಷ, ಬರಿಗೈಲಿ ಮುಟ್ಟಬೇಡಿ. ಸೀಸದ್ದೇನಾದರೂ ಇದ್ದರೆ ಗಾಜು, ಕಬ್ಬಿಣದ ಕಪಾಟೇ ವಾಸಿ.

ನಿಮ್ಮ ಕಡೆ ಕ್ರಷರ್ ಧೂಳು ಜಾಸ್ತಿ. ಗಾಜಿನ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಹಳೆಯ 1/72ರವರನ್ನು ಬೇರೆ ಅರೆಗೆ ಕಳಿಸಿ. ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಯ ಪಕ್ಕ ಬೆರಳುದ್ದದ ಶೆಟ್ಟಿ ಕೂತರೆ ಚೆಂದ, ಇಲ್ಲಿ ಅಲ್ಲ. ಅರೆಯ ಎತ್ತರ ಅಳೆಯುವಾಗ ಪೀಠವನ್ನೂ ಬಂದೂಕಿನ ತುದಿಯ ಬಾಯೊನೆಟ್ಟನ್ನೂ (ಚೂರಿ) ಸೇರಿಸಿ 22 ಸೆಂ.ಮೀ. ಬಿಡಿ.

ಪೀಠಕ್ಕೆ ನಂದಿ ಬೆಟ್ಟದ ಕಲ್ಲನ್ನೇ ಇಡೋಣ ಅನಿಸುತ್ತೆ, ನನಗೂ ಅನಿಸಿತ್ತು. ಆ ಕಲ್ಲಿನ 5 ಮಿ.ಮೀ. ಹರಳೊಂದು 1/16ರ ಸಿಪಾಯಿಯ ಕಾಲಬುಡದಲ್ಲಿ 8 ಸೆಂ.ಮೀ. ಉಂಡೆಯಂತೆ ಕಾಣುತ್ತೆ. ಪ್ಲಾಸ್ಟರ್ ಕೆತ್ತಿ ಬೂದು ಬಣ್ಣ ಹೊಡೆದದ್ದೇ ನಂದಿ ಕಲ್ಲಿಗಿಂತ ನಂದಿಯಂತಿರುತ್ತೆ.