‘ಡಿಸ್ಕಸ್ ಅಬೌಟ್’ ಸರಿಯೋ ತಪ್ಪೋ?

ಪ್ರಶ್ನೆ: ‘ಡಿಸ್ಕಸ್ ಅಬೌಟ್’ ತಪ್ಪು ಅನ್ನುತ್ತದೆ ವ್ಯಾಕರಣ ಪುಸ್ತಕ. ಕೋಕಾ ಕಾರ್ಪಸ್‌ನಲ್ಲಿ (ಪದಬಳಕೆ ಹುಡುಕಿ ನೋಡಲು ಕಂಪ್ಯೂಟರಿನಲ್ಲಿ ಕೂಡಿಟ್ಟ ಬರಹ, ಮಾತುಗಳ ಸಂಗ್ರಹ) ಹುಡುಕಿದರೆ ಸಾಲುಸಾಲಾಗಿ ಸಿಗುತ್ತದೆ. ಮಕ್ಕಳಿಗೆ ಏನು ಹೇಳಲಿ?
– ಹೈಸ್ಕೂಲ್ ಶಿಕ್ಷಕಿ, ಶಿರಸಿ

ಉತ್ತರ: ಬರವಣಿಗೆಯಲ್ಲಿ ಬೇಡ ಎಂದೇ ಹೇಳಿ. ಆದರೆ ನೀವು ಹುಡುಕಿ ನೋಡಿದ್ದು ಒಳ್ಳೆಯ ಕೆಲಸ, ಅದನ್ನು ಅರ್ಧಕ್ಕೆ ಬಿಡಬೇಡಿ. ಕೋಕಾದಲ್ಲಿ ಅಮೆರಿಕನ್ ಇಂಗ್ಲಿಷಿನ 100 ಕೋಟಿ ಪದಗಳಿವೆ, 1990ರಿಂದ 2019ರವರೆಗಿನವು. ಅಷ್ಟು ದೊಡ್ಡ ರಾಶಿಯಲ್ಲಿ ಯಾವ ಜೋಡಿ ಹುಡುಕಿದರೂ ಒಂದಷ್ಟು ಸಿಕ್ಕೇ ಸಿಗುತ್ತದೆ.

ಮೊದಲು ‘ಡಿಸ್ಕಸ್’ ಪದವನ್ನು ಪೂರ್ತಿ ದೊಡ್ಡಕ್ಷರದಲ್ಲಿ, ‘ಅಬೌಟ್’ ಅನ್ನು ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಹಾಕಿದರೆ ಡಿಸ್ಕಸಸ್, ಡಿಸ್ಕಸ್ಡ್, ಡಿಸ್ಕಸಿಂಗ್ ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಬಂದ ರೂಪದ ಮೇಲೆ ಒತ್ತಿ, ಐವತ್ತು ಸಾಲನ್ನಾದರೂ ಕೂತು ಓದಿ. ‘ದ ಪ್ಲಾನ್ ವಿ ಡಿಸ್ಕಸ್ಡ್ ಅಬೌಟ್ ಎ ಇಯರ್ ಅಗೋ’ ಎಂಬಂಥ ಸಾಲು ಸಿಕ್ಕರೆ ಹೊಡೆದುಹಾಕಿ: ಅಲ್ಲಿ ‘ಅಬೌಟ್’ ಎಂದರೆ ‘ಸುಮಾರು’, ಅದು ವರ್ಷಕ್ಕೆ ಸೇರಿದ್ದು, ಕ್ರಿಯಾಪದಕ್ಕಲ್ಲ. ‘ವಾಟ್ ಡಿಡ್ ದೇ ಡಿಸ್ಕಸ್ ಅಬೌಟ್ ದ ಬಜೆಟ್’ ಕೂಡ ಲೆಕ್ಕಕ್ಕಿಲ್ಲ, ಅಲ್ಲಿ ಕರ್ಮ ‘ವಾಟ್’. ಯಂತ್ರ ಎಣಿಸುವುದು ಅಕ್ಕಪಕ್ಕ ಕೂತ ಪದಗಳನ್ನು. ಅವುಗಳ ಸಂಬಂಧವನ್ನು ನೋಡಬೇಕಾದವರು ನೀವು. ಸೋಸಿದ ಮೇಲೆ ಉಳಿದವು ಮಾತಿನ ವಿಭಾಗದವೋ ಬರಹದವೋ ಎಂದೂ ಗಮನಿಸಿ. ಮಾತಿನ ವಿಭಾಗವೆಂದರೆ ಟಿವಿ, ರೇಡಿಯೊ ಸಂಭಾಷಣೆ. ಅಲ್ಲಿ ವಾಕ್ಯ ನಡುವೆಯೇ ದಾರಿ ಬದಲಿಸುವುದು ಮಾಮೂಲು.

ಆಮೇಲೆ ‘ಅಬೌಟ್’ ತೆಗೆದು ಅದರ ಜಾಗದಲ್ಲಿ ‘ದ’ ಹಾಕಿ ಹುಡುಕಿ, ‘ಡಿಸ್ಕಸ್ ದ ಪ್ಲಾನ್’ನಂತೆ ಕರ್ಮ ನೇರವಾಗಿ ಬರುವ ಸಾಲುಗಳು ಸಿಗುತ್ತವೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿದರೆ ನಿಯಮವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ‘ಡಿಸ್ಕಷನ್ ಅಬೌಟ್’ ಮಾತ್ರ ಸರಿ, ಅದು ನಾಮಪದ. ಗೊಂದಲ ಹುಟ್ಟುವುದು ಇಲ್ಲಿಂದಲೂ ಹೌದು, ನಮ್ಮ ‘ಅದರ ಬಗ್ಗೆ ಚರ್ಚಿಸು’ವಿನಿಂದಲೂ ಹೌದು.

ಭಾರತೀಯ ಇಂಗ್ಲಿಷಿನಲ್ಲಿ ಈ ಬಳಕೆ ಹೆಚ್ಚು. ನೋಡಬೇಕಿದ್ದರೆ 20 ದೇಶಗಳ ವೆಬ್ ಬರಹಗಳಿರುವ ‘ಗ್ಲೋಬ್’ ಕಾರ್ಪಸ್ ತೆರೆಯಿರಿ. ಅದರಲ್ಲಿ ಅಮೆರಿಕದ ಭಾಗ ಭಾರತದ ಭಾಗಕ್ಕಿಂತ ಸುಮಾರು 4 ಪಟ್ಟು ದೊಡ್ಡದು. ಹಾಗಾಗಿ ಒಟ್ಟು ಸಂಖ್ಯೆ ಬಿಟ್ಟು, ಹತ್ತು ಲಕ್ಷ ಪದಕ್ಕೆ ಎಷ್ಟು ಎಂಬುದನ್ನೇ ಹೋಲಿಸಿ.

ಪ್ರಶ್ನೆ: ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಬರಬೇಕೋ ‘ಮೀಟಿಂಗ್’ ಬರಬೇಕೋ? ಕೋಕಾದಲ್ಲಿ ಒಂದೊಂದೇ ಕ್ರಿಯಾಪದ ಹಾಕಿ ಹುಡುಕಿ ಸಾಕಾಯಿತು.
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ‘ಮೀಟಿಂಗ್’. ಒಂದೊಂದೇ ಹುಡುಕುವ ಕಷ್ಟ ಬೇಡ, ಪದಜಾತಿಯ ಗುರುತು (ನಾಮಪದವೋ ಕ್ರಿಯಾಪದವೋ ಎಂದು ಯಂತ್ರ ಪ್ರತಿ ಪದಕ್ಕೂ ಹಚ್ಚಿದ ಸಂಕೇತ) ಬಳಸಿ. ‘ಟು’ ಆದಮೇಲೆ ಒಂದು ಜಾಗ ಬಿಟ್ಟು ಅಡಿಗೆರೆ, ವಿ, ಪ್ರಶ್ನಾರ್ಥಕ ಚಿಹ್ನೆ, ಜಿ, ನಕ್ಷತ್ರ ಚಿಹ್ನೆ, ಇಷ್ಟನ್ನೂ ಒತ್ತೊತ್ತಾಗಿ ಟೈಪ್ ಮಾಡಿ. ‘ಇಂಗ್’ ರೂಪದ ಎಲ್ಲ ಕ್ರಿಯಾಪದಗಳೂ ಬರುತ್ತವೆ. ಕೊನೆಯ ನಕ್ಷತ್ರ ಮರೆಯಬೇಡಿ: ‘ಮೀಟಿಂಗ್’ ನಾಮಪದವೂ ಆಗಬಹುದಾದ್ದರಿಂದ ಕೆಲವೆಡೆ ಯಂತ್ರ ಅದಕ್ಕೆ ಜೋಡಿ ಗುರುತು ಹಚ್ಚಿರುತ್ತದೆ, ನಕ್ಷತ್ರ ಇಲ್ಲದಿದ್ದರೆ ಅಂಥವು ತಪ್ಪಿಹೋಗುತ್ತವೆ. ಜಿ ಬದಲು ಐ ಹಾಕಿದರೆ ‘ಮೀಟ್’ನಂಥ ಮೂಲರೂಪಗಳು ಬರುತ್ತವೆ, ಆ ಪಟ್ಟಿ ಎಷ್ಟು ಸಣ್ಣದೆಂದು ನೀವೇ ನೋಡಿ.