ಮೊದಲ ಚಾಕುವಿಗೆ ಗ್ಯಾಸ್ ಕುಲುಮೆಯೋ, ಇದ್ದಿಲ ಕುಲುಮೆಯೋ?

ಮೊದಲ ಸಲ ಚಾಕು ಬಡಿಯಲು ಹೊರಟ ನೀವು ಹೀಗೆ ಕೇಳಿದ್ದೀರಿ. ನಾನೂ ಎರಡು ತಿಂಗಳು ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಕೊನೆಗೆ ನನ್ನ ಚಾಕು ಕೆಟ್ಟದ್ದು ಕುಲುಮೆಯಿಂದಲ್ಲ, ಒಂದು ಬಕೆಟ್ ನೀರಿನಿಂದ.

ಹಾಗಾಗಿ ಕುಲುಮೆಯ ಮಾತು ಎರಡೇ ಸಾಲಲ್ಲಿ ಮುಗಿಸುತ್ತೇನೆ. ನೆಲದಲ್ಲೊಂದು ಗುಂಡಿ, ಅದಕ್ಕೊಂದು ಕಬ್ಬಿಣದ ಪೈಪು, ಪೈಪಿನ ತುದಿಗೆ ಹಳೇ ಹೇರ್ ಡ್ರೈಯರ್, ಮೇಲೆ ಮರದ ಇದ್ದಿಲು. ಆರಿಂಚಿನ ಅಲಗಿಗೆ ಇಷ್ಟು ಸಾಕು.

ಉಕ್ಕಿಗೆ ಗುಜರಿಯಲ್ಲಿ ಜೀಪಿನ ಸ್ಪ್ರಿಂಗ್ ಪಟ್ಟಿ ಕೇಳಿ, 6–7 ಮಿ.ಮೀ. ದಪ್ಪದ್ದು. ಲಾರಿಯದು ತೀರಾ ದಪ್ಪ, ಬಡಿದು ಬಡಿದು ತೋಳು ಬಿದ್ದುಹೋಗುತ್ತದೆ. ಮನೆ ಕಟ್ಟುವ ಟಿಎಂಟಿ ಕಂಬಿ ಮಾತ್ರ ಬೇಡ, ಅದರಲ್ಲಿ ಇಂಗಾಲ ಕಡಿಮೆ, ಕಾಯಿಸಿ ಎಷ್ಟು ಅದ್ದಿದರೂ ಗಟ್ಟಿಯಾಗದೆ ಅಂಚು ನಿಲ್ಲುವುದಿಲ್ಲ. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಬೋಲ್ಟ್ ತೂತಿನ ಸುತ್ತಲ ಭಾಗ ಕತ್ತರಿಸಿ ಬಿಸಾಡಿ.

ಕಾಯಿಸುವಾಗ ಕಿತ್ತಳೆ ಬಣ್ಣ ಬರಲಿ. ಮಂಕು ಕೆಂಪಿಗೆ ಇಳಿದ ಮೇಲೆ ಸುತ್ತಿಗೆ ಎತ್ತಬೇಡಿ, ಬಿರುಕು ಬಿಡುತ್ತದೆ. ಬಿಳಿ ಕಿಡಿ ಹಾರಿತೋ, ಉಕ್ಕು ಸುಟ್ಟಿತು, ಆ ತುಂಡು ಕತ್ತರಿಸಲೇಬೇಕು. ಮೊದಲು ಮೊನೆ, ಆಮೇಲೆ ಅಂಚು. ಅಂಚು ಬಡಿದಷ್ಟೂ ಆ ಕಡೆ ಉದ್ದವಾಗಿ ಅಲಗು ಬೆನ್ನಿನ (ಅಂಚಿನ ಎದುರಿನ ದಪ್ಪ ಬದಿಯ) ಕಡೆಗೆ ಬಾಗುತ್ತದೆ. ಅದಕ್ಕೇ ಶುರುವಿನಲ್ಲೇ ಅಂಚಿನ ಕಡೆಗೆ ಸ್ವಲ್ಪ ಬಗ್ಗಿಸಿಟ್ಟುಕೊಳ್ಳಿ. ಬಡಿದು ಮುಗಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಡಿ. ಅರ ಹಾಕಿ ಉಜ್ಜುವಾಗ ಅಂಚು ರೂಪಾಯಿ ನಾಣ್ಯದಷ್ಟು ದಪ್ಪ ಉಳಿದಿರಲಿ.

ಈಗ ಬಕೆಟ್ಟಿನ ವಿಷಯ. ನಮ್ಮೂರ ಕುಲುಮೆಯಲ್ಲಿ ಕುಡುಗೋಲನ್ನು ನೀರಿಗೇ ಅದ್ದುವುದನ್ನು ನೋಡಿ ಬೆಳೆದವನು ನಾನು. ಗಟ್ಟಿಯಾಗಲೆಂದು ಕೆಂಪಗಿದ್ದ ಅಲಗನ್ನು ಪೂರ್ತಿ ಮುಳುಗಿಸಿದೆ. ‘ಟಿಣ್’ ಎಂದು ಸಣ್ಣ ಸದ್ದು. ಒರೆಸಿ ನೋಡಿದರೆ ಅಂಚಿನಿಂದ ಮೇಲಕ್ಕೆ ಕೂದಲೆಳೆಯಂಥ ಗೆರೆ, ಉಗುರಿಗೆ ಸಿಕ್ಕುತ್ತಿತ್ತು. ಸ್ಪ್ರಿಂಗ್ ಉಕ್ಕು ಎಣ್ಣೆಯ ನಿಧಾನಕ್ಕೇ ಗಟ್ಟಿಯಾಗುವಂಥದ್ದು. ನೀರಲ್ಲಿ ತೆಳು ಅಂಚು ಕ್ಷಣದಲ್ಲಿ ಗಟ್ಟಿಯಾಗುತ್ತದೆ, ದಪ್ಪ ಬೆನ್ನು ಇನ್ನೂ ಬಿಸಿ ಇರುತ್ತದೆ. ಆ ಬೆನ್ನು ತಡವಾಗಿ ಗಟ್ಟಿಯಾಗುವಾಗ ಗಾಜಿನಂತಾದ ಅಂಚು ಎಳೆತ ತಡೆಯದೆ ಸೀಳುತ್ತದೆ. ಹಾಗಾದರೆ ಕಮ್ಮಾರರದು ಯಾಕೆ ಸೀಳುವುದಿಲ್ಲ? ಅವರು ಅದ್ದುವುದು ಅಂಚಷ್ಟೇ. ತಕ್ಷಣ ಎತ್ತಿ ಕಲ್ಲಿಗೆ ಉಜ್ಜುತ್ತಾರೆ, ಬೆನ್ನಿನಲ್ಲಿ ಉಳಿದ ಬಿಸಿ ಅಂಚಿಗೆ ಇಳಿದು ಪೆಡಸು ಕಳೆದು ಹದ ಮಾಡುತ್ತದೆ, ಜೇನಿನ ಬಣ್ಣ ಬಂದೊಡನೆ ಮತ್ತೆ ಅದ್ದುತ್ತಾರೆ. ನನಗೆ ಕಂಡದ್ದು ಅದ್ದುವ ಕೈ ಮಾತ್ರ, ಎತ್ತುವ ಕೈ ಅಲ್ಲ.

ನೀವು ಅದೆಲ್ಲ ಬಿಡಿ. ಕಬ್ಬಿಣದ ಡಬ್ಬಿಯಲ್ಲಿ ನಾಲ್ಕು ಲೀಟರ್ ಕಡಲೆಕಾಯಿ ಎಣ್ಣೆ ತುಂಬಿ, ಕಾದ ಕಬ್ಬಿಣದ ತುಂಡು ಹಾಕಿ 55 ಡಿಗ್ರಿಗೆ ಬಿಸಿ ಮಾಡಿ. ತಣ್ಣನೆ ಎಣ್ಣೆ ಮಂದ, ಶಾಖ ಬೇಗ ಎಳೆಯುವುದಿಲ್ಲ. ಕೆಲಸ ಮುಸ್ಸಂಜೆಗೆ ಇಟ್ಟುಕೊಳ್ಳಿ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಅಲಗಿಗೆ ಆಯಸ್ಕಾಂತ ಅಂಟದಾದರೆ ಸುಮಾರು 770 ಡಿಗ್ರಿ ಮುಟ್ಟಿದೆ ಎಂದರ್ಥ. ಇನ್ನೊಂದು ಛಾಯೆ ಏರಿಸಿ ಮೊನೆ ಕೆಳಗಾಗಿ ಅದ್ದಿ. ಅಂಚಿನ ದಿಕ್ಕಿನಲ್ಲೇ ಆಡಿಸಿ. ಅಡ್ಡ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತಬಹುದು, ಕಬ್ಬಿಣದ ಮುಚ್ಚಳ ಪಕ್ಕದಲ್ಲೇ ಇರಲಿ, ನೀರು ಹತ್ತಿರಕ್ಕೂ ಬೇಡ.

ಅರ ಎಳೆದಾಗ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಆಗ ಕೈಜಾರಿ ನೆಲಕ್ಕೆ ಬಿದ್ದರೂ ಒಡೆಯಬಹುದು, ‘ನಾಳೆ ಮಾಡೋಣ’ ಬೇಡ. ಅಂದೇ ಹದ ಮಾಡಲು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ, ಆರಿಸಿ ಮತ್ತೆ ಎರಡು ಗಂಟೆ.

ಡಮಾಸ್ಕಸ್ ಗೆರೆಗಳ ಚಾಕು ಮೊದಲ ಸಲಕ್ಕೇ ಆಗುತ್ತಾ ಎಂದೂ ಕೇಳಿದ್ದೀರಿ. ಆಗುವುದಿಲ್ಲ. ಈಗ ಆ ಹೆಸರಲ್ಲಿ ಮಾರುವುದು ಎರಡು ಬಗೆಯ ಉಕ್ಕಿನ ಪದರ ಬೆಸೆದದ್ದು, ಬೆಸುಗೆ ಒಂದು ಕಡೆ ತಪ್ಪಿದರೂ ಬಿಟ್ಟುಕೊಳ್ಳುತ್ತದೆ. ಹಳೆಯ ಡಮಾಸ್ಕಸ್ ಕತ್ತಿಗಳ ವೂಟ್ಸ್ ಬೇರೆಯೇ, ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಅದು. ಆ ಹೆಸರೇ ನಮ್ಮ ‘ಉಕ್ಕು’ ಪದದಿಂದ ಬಂದದ್ದೆನ್ನುತ್ತಾರೆ. ಮೊದಲು ಒಂದೇ ಪಟ್ಟಿಯ ಚಾಕು ಬಿರುಕಿಲ್ಲದೆ ಎಣ್ಣೆಯಿಂದ ಎದ್ದು ಬರಲಿ.