ಪ್ಲಾನ್ ಮಾಡಿಸುವ ಮೊದಲು ಊರಿಗೊಂದು ಫೋನ್ ಮಾಡು

ನಿನ್ನ ಪ್ರಶ್ನೆ ಓದಿದೆ. ಇಂಗ್ಲೆಂಡಿನ ಕಾವೆಂಟ್ರಿಗೆ ಓದಲು ಬಂದೆ, ಕೋರ್ಸ್ ಮುಗಿಸಿ ಈಗ ಕೆಲಸಕ್ಕೆ ಸೇರಿದ್ದೀಯ. ಎರಡು ಕ್ರೆಡಿಟ್ ಕಾರ್ಡ್, ಒಂದು ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆದ ದುಡ್ಡು), ಒಂದು ಪರ್ಸನಲ್ ಲೋನ್, ಎಲ್ಲ ಸೇರಿ 9,000 ಪೌಂಡ್ ಸಾಲ. ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಮಾಡಿಸಲಾ, ವೀಸಾಗೆ ತೊಂದರೆ ಆಗುತ್ತಾ, ಊರಲ್ಲಿ ಗೊತ್ತಾಗುತ್ತಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ.

ನಾನು ತಿಪಟೂರಿನವಳು, 2010ರಲ್ಲಿ ಲೆಸ್ಟರ್‌ಗೆ ಬಂದೆ. ಮೊದಲ ಚಳಿಗಾಲದಲ್ಲಿ ಹೀಟರ್ ಹಾಕಲು ಹೆದರಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆವು. ಅಂಗಡಿಯಲ್ಲಿ ಏನು ಮುಟ್ಟಿದರೂ ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿ ವಾಪಸ್ ಇಡುತ್ತಿದ್ದೆ. ಅಷ್ಟು ಹಿಡಿದು ಬದುಕಿದರೂ 2013ರ ಹೊತ್ತಿಗೆ ನನಗೂ ಸಾಲ ಆಗಿತ್ತು. ಓದು ಮುಗಿದ ಮೇಲೆ ಸರಿಯಾದ ಕೆಲಸ ಸಿಗುವುದು ತಡವಾಯಿತು, ಬಾಡಿಗೆ ಕಾಯುವುದಿಲ್ಲ, ಊರಿಗೆ ಕಳಿಸುವುದನ್ನು ನಿಲ್ಲಿಸಲು ಬಾಯಿ ಬರುವುದಿಲ್ಲ. ಇದನ್ನೆಲ್ಲ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ವೀಸಾ ವಿಷಯ ಮೊದಲು ಮುಗಿಸುತ್ತೇನೆ. ಕ್ರೆಡಿಟ್ ಕಾರ್ಡ್ ಸಾಲ ಇದೆ ಅನ್ನುವ ಒಂದೇ ಕಾರಣಕ್ಕೆ ವೀಸಾ ಹೋಗುವುದಿಲ್ಲ. ಪ್ಲಾನ್ ಮಾಡಿಸಿದರೆ ಅದು ಸರ್ಕಾರದ ದುಡ್ಡು ತಗೊಂಡ ಹಾಗೂ ಅಲ್ಲ, ಆದ್ದರಿಂದ ನಿನ್ನ ವೀಸಾ ಮೇಲಿರುವ ಪಬ್ಲಿಕ್ ಫಂಡ್ಸ್ ನಿರ್ಬಂಧಕ್ಕೂ, ಅಂದರೆ ಸರ್ಕಾರದ ಸಹಾಯಧನ ತಗೊಳ್ಳಬಾರದು ಅನ್ನುವ ಷರತ್ತಿಗೂ ಇದಕ್ಕೂ ಸಂಬಂಧವಿಲ್ಲ. ಎನ್‌ಎಚ್‌ಎಸ್ ಅನ್ನುವ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿಕೊಂಡಿದ್ದರೆ ಅದು ಬೇರೆ ಮಾತು, ಅದು ಮುಂದಿನ ವೀಸಾ ಅರ್ಜಿಗೆ ಅಡ್ಡ ಬರಬಹುದು.

ಪ್ಲಾನ್ ಅಂದರೆ ಇಷ್ಟೇ. ನಿನ್ನ ಆದಾಯದಲ್ಲಿ ಬಾಡಿಗೆ, ಕರೆಂಟು, ಊಟ, ಬಸ್ಸು ಎಲ್ಲ ಕಳೆದು ಉಳಿಯುವ ದುಡ್ಡನ್ನು ತಿಂಗಳಿಗೊಂದು ಸಲ ಪ್ಲಾನ್ ನಡೆಸುವ ಸಂಸ್ಥೆಗೆ ಕಟ್ಟುತ್ತೀಯ. ಅವರು ಅದನ್ನು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಯಾರಿಗೆ ಜಾಸ್ತಿ ಬಾಕಿಯೋ ಅವರಿಗೆ ಜಾಸ್ತಿ ಪಾಲು. ಬಡ್ಡಿ ನಿಲ್ಲಿಸಿ ಅಂತಲೂ ಕೇಳುತ್ತಾರೆ. ನಿಲ್ಲಿಸಲೇಬೇಕು ಅಂತ ಕಾನೂನಿಲ್ಲ, ಆದರೆ ಬಹಳ ಸಲ ನಿಲ್ಲಿಸುತ್ತಾರೆ. ನಿನ್ನ ಲೆಕ್ಕವನ್ನೇ ನೋಡು. 9,000 ಪೌಂಡಿಗೆ ವರ್ಷಕ್ಕೆ ಶೇ. 30ರ ಬಡ್ಡಿ ಅಂತ ಇಟ್ಟುಕೊಂಡರೆ ತಿಂಗಳಿಗೆ 225 ಪೌಂಡ್ ಬಡ್ಡಿಗೇ ಹೋಗುತ್ತದೆ. ನಿನ್ನ ಕೈಯಲ್ಲಿ ಉಳಿಯುವುದೇ 150 ಅಂದರೆ ಎಷ್ಟು ಕಟ್ಟಿದರೂ ಸಾಲ ಬೆಳೆಯುತ್ತಲೇ ಇರುತ್ತದೆ. ಬಡ್ಡಿ ನಿಂತರೆ ಅದೇ 150ರಲ್ಲಿ 60 ತಿಂಗಳಿಗೆ ಪೂರ್ತಿ ತೀರುತ್ತದೆ. ಐದು ವರ್ಷ ದೀರ್ಘ ಅನ್ನಿಸುತ್ತದೆ, ಗೊತ್ತು. ಆದರೂ ಅದಕ್ಕೊಂದು ಕೊನೆ ಇದೆ.

ಇದಕ್ಕೆ ಫೀ ಕೇಳುವವರ ಹತ್ತಿರ ಹೋಗಬೇಡ. ಸ್ಟೆಪ್‌ಚೇಂಜ್, ಪೇಪ್ಲಾನ್ ಇವರು ಪುಕ್ಕಟೆ ಮಾಡಿಕೊಡುತ್ತಾರೆ. ಪುಕ್ಕಟೆ ಹೇಗೆ ಅಂತ ಅನುಮಾನ ಪಡಬೇಡ, ಅವರ ಖರ್ಚಿಗೆ ಸಾಲ ಕೊಟ್ಟ ಕಂಪನಿಗಳೇ ದುಡ್ಡು ಕೊಡುತ್ತವೆ. ಬರೀ ಸಲಹೆ ಸಾಕು ಅಂದರೆ ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಇವೆ. ಫೋನಿನಲ್ಲಿ ಸಾಲ ಕೊಟ್ಟವರ ಕೂಗಾಟ ಜಾಸ್ತಿ ಆಗಿದ್ದರೆ ಸಲಹೆಗಾರರ ಮೂಲಕ ಬ್ರೀಥಿಂಗ್ ಸ್ಪೇಸ್ ಹಾಕಿಸಿಕೋ. 2021ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಂದ ನಿಯಮ ಅದು. 60 ದಿನ ಬಡ್ಡಿ, ವಸೂಲಿ ಎರಡೂ ನಿಲ್ಲುತ್ತವೆ. ನನ್ನ ಕಾಲಕ್ಕೆ ಅದು ಇರಲಿಲ್ಲ, ಇದ್ದಿದ್ದರೆ ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಗೆ ಸ್ಥಳೀಯ ಆಡಳಿತ ಹಾಕುವ ತೆರಿಗೆ) ಕಾಗದ ಬಂದಿದೆ, ನಾನು ಸ್ಟೂಡೆಂಟ್ ಅಲ್ವಾ ಅಂತ ಪಕ್ಕಕ್ಕಿಟ್ಟೆ ಅಂತ ಬರೆದಿದ್ದೀಯ. ಕೋರ್ಸ್ ಮುಗಿದ ದಿನಕ್ಕೆ ಸ್ಟೂಡೆಂಟ್‌ಗಳಿಗೆ ಇರುವ ಆ ವಿನಾಯಿತಿಯೂ ಮುಗಿಯಿತು. ಎಷ್ಟೋ ನಮ್ಮ ಮಕ್ಕಳು ಇದರಲ್ಲೇ ಸಿಕ್ಕಿಬೀಳುತ್ತಾರೆ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು, ಇವನ್ನು ಕಾರ್ಡಿನ ಸಾಲದ ಜೊತೆ ಸೇರಿಸಿ ನೋಡಬಾರದು. ಕಾರ್ಡಿನವರು ಎಷ್ಟು ಜೋರಾಗಿ ಫೋನ್ ಮಾಡಿದರೂ ಮೊದಲು ಕಟ್ಟಬೇಕಾದ್ದು ಇವನ್ನೇ. ಕೌನ್ಸಿಲ್ ಬಾಕಿ ಬಿಟ್ಟರೆ ಕೋರ್ಟಿನ ಆದೇಶ ತಂದು ಬೇಲಿಫ್, ಅಂದರೆ ಮನೆಗೇ ಬರುವ ವಸೂಲಿಗಾರನನ್ನು ಕಳಿಸುತ್ತಾರೆ, ಬೇಲಿಫ್‌ನ ಖರ್ಚೂ ನಿನ್ನ ಮೇಲೇ ಬೀಳುತ್ತದೆ. ಇವತ್ತೇ ಫೋನ್ ಮಾಡಿ ಕಂತು ಕೇಳು.

ಇನ್ನೊಂದು. ಓವರ್‌ಡ್ರಾಫ್ಟ್ ಇರುವ ಬ್ಯಾಂಕಿಗೇ ನಿನ್ನ ಸಂಬಳ ಬರುತ್ತಿದ್ದರೆ, ಪ್ಲಾನ್ ಶುರು ಮಾಡುವ ಮೊದಲು ಏನೂ ಬಾಕಿ ಇಲ್ಲದ ಬೇರೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಇಲ್ಲದ ಬೇಸಿಕ್ ಅಕೌಂಟ್ ತೆರೆದು ಸಂಬಳ ಅಲ್ಲಿಗೆ ಹಾಕಿಸಿಕೋ. ಇಲ್ಲವಾದರೆ ಸಂಬಳ ಬಂದ ಕೂಡಲೇ ಅವರ ಬಾಕಿಗೆ ಅವರೇ ಹಿಡಿದುಕೊಳ್ಳಬಹುದು, ಬಾಡಿಗೆಗೆ ಏನೂ ಇರುವುದಿಲ್ಲ. ಕ್ರೆಡಿಟ್ ಫೈಲಿಗೆ, ಅಂದರೆ ನಿನ್ನ ಸಾಲದ ಇತಿಹಾಸದ ದಾಖಲೆಗೆ, ಏಟು ಬೀಳುವುದು ನಿಜ. ಡಿಫಾಲ್ಟ್ (ಕಂತು ತಪ್ಪಿದೆ) ಅಂತ ದಾಖಲಾದರೆ ಆರು ವರ್ಷ ಇರುತ್ತದೆ, ಆಮೇಲೆ ಹೋಗುತ್ತದೆ. ನನ್ನದೂ ಹೋಯಿತು, ಈಗ ಲೆಸ್ಟರ್‌ನಲ್ಲೇ ಮನೆ ಸಾಲ ಸಿಕ್ಕಿದೆ. ಯಾರ ಹತ್ತಿರವೂ ಒಂದು ಪೌಂಡ್ ಮನ್ನಾ ಮಾಡಿ ಅಂತ ಕೇಳದೆ ತೀರಿಸಿದೆ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ. ಸಾಲ ಬಿಟ್ಟು ಇಂಡಿಯಾಕ್ಕೆ ಹೋಗಿಬಿಡು ಅನ್ನುವ ನಿನ್ನ ರೂಮ್‌ಮೇಟ್ ಮಾತು ಕೇಳಬೇಡ.

ಈಗ ಊರಲ್ಲಿ ಗೊತ್ತಾಗುತ್ತಾ ಅನ್ನುವ ಪ್ರಶ್ನೆ. ಪ್ಲಾನ್ ನಡೆಸುವವರು ನಿಮ್ಮ ಮನೆಗೆ ಏನೂ ತಿಳಿಸುವುದಿಲ್ಲ. ಆದರೆ ನೀನು ಅದನ್ನು ಕೇಳಿದ ರೀತಿ ನೋಡಿ ನನಗೆ ಭಯವಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬರುವಾಗ ಅಮ್ಮ ತನ್ನ ಎರಡೆಳೆ ಸರ, ಬಳೆ ಗಿರವಿ ಇಟ್ಟು ದುಡ್ಡು ಹೊಂದಿಸಿದ್ದಳು. ನನಗೆ ಹೇಳಿದ್ದು ಕೊಬ್ಬರಿ ಮಾರಿದ ದುಡ್ಡು ಅಂತ. ಪ್ಲಾನ್ ಶುರುವಾದ ಮೇಲೆ ನಾನು ಮನೆಗೆ ಕಳಿಸುವುದು ಅರ್ಧಕ್ಕೆ ಇಳಿಯಿತು. ಯಾಕೆ ಅಂತ ನಾನು ಹೇಳಲಿಲ್ಲ, ಅಮ್ಮ ಕೇಳಲಿಲ್ಲ. ಆ ಅರ್ಧದಲ್ಲೇ ಅವಳು ಗಿರವಿಯ ಬಡ್ಡಿ ಕಟ್ಟುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಹೀಗೇ ಅಲ್ವಾ, ಮಗಳು ಪರದೇಶದಲ್ಲಿ ಒಬ್ಬಳೇ ಇದ್ದಾಳೆ, ಅವಳ ತಲೆಗೆ ಯಾಕೆ ಹಾಕಬೇಕು ಅಂತ ಅವರು ಸುಮ್ಮನಿರುತ್ತಾರೆ. ವಯಸ್ಸಾದವರಿಗೆ ಯಾಕೆ ಚಿಂತೆ ಅಂತ ನಾವು ಸುಮ್ಮನಿರುತ್ತೇವೆ. ನೋಟಿಸ್ ಬಂತು, ಅಮ್ಮ ಅದನ್ನು ಬೀರುವಿನಲ್ಲಿ ಇಟ್ಟಳು. ಒಡವೆ ಹರಾಜಾಯಿತು. ತಮ್ಮನ ಮದುವೆಗೆ ಹೋದಾಗ ಅಮ್ಮನ ಕೊರಳಲ್ಲಿ ತಾಳಿ ಬಿಟ್ಟು ಬೇರೇನೂ ಇಲ್ಲದ್ದನ್ನು ಕಂಡ ಮೇಲೆ ಕೇಳಿದೆ, ಆಗ ಹೇಳಿದಳು. ಅಜ್ಜಿಯಿಂದ ಬಂದ ಸರ ಅದು.

ಪ್ಲಾನ್ ಮಾಡಿಸುವಾಗ ಸಲಹೆಗಾರ್ತಿ ಬೇರೆ ಸಾಲ ಏನಾದರೂ ಇದೆಯಾ ಅಂತ ಕೇಳಿದ್ದರು. ಗೊತ್ತಿದ್ದದ್ದೆಲ್ಲ ಹೇಳಿದ್ದೆ. ಗಿರವಿಯ ವಿಷಯ ಗೊತ್ತಿದ್ದಿದ್ದರೆ ತಿಂಗಳಿಗೆ ಸ್ವಲ್ಪ ಜಾಸ್ತಿ ಊರಿಗೆ ಹೋಗುವ ಹಾಗೆ, ಇಲ್ಲಿಗೆ ಸ್ವಲ್ಪ ಕಡಿಮೆ ಬೀಳುವ ಹಾಗೆ ಪಟ್ಟಿ ಮಾಡಿಸಬಹುದಿತ್ತು. ಇಲ್ಲಿನ ಕಾರ್ಡಿನವರು ಇನ್ನೊಂದು ವರ್ಷ ಕಾಯುತ್ತಿದ್ದರು. ಒಡವೆಗೆ ಸಾಲ ಕೊಟ್ಟವನು ಕಾಯಲಿಲ್ಲ. ಸಾಲ ತೀರಿತು ಅನ್ನುವ ಕಾಗದ ಬಂದ ದಿನವೂ ನನಗೆ ಇದೇ ನೆನಪು.

ನಿನಗೆ ಇಂಡಿಯಾದಲ್ಲಿ ಎಜುಕೇಷನ್ ಲೋನ್ ಇದೆಯೋ ಇಲ್ಲವೋ ನೀನು ಬರೆದಿಲ್ಲ. ಇದ್ದೇ ಇರುತ್ತದೆ ಅಂದುಕೊಳ್ಳುತ್ತೇನೆ. ಅಪ್ಪ ಅದರಲ್ಲಿ ಕೋ-ಅಪ್ಲಿಕೆಂಟ್ ಆಗಿರುತ್ತಾರೆ. ಏಳೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮನೆಯೋ ಸೈಟೋ ಅಡ ಇಟ್ಟಿರುತ್ತಾರೆ. ಕೋರ್ಸ್ ಮುಗಿದು ಆರು ತಿಂಗಳಿಗೋ ಒಂದು ವರ್ಷಕ್ಕೋ ಕಂತು ಶುರುವಾಗುತ್ತದೆ. ಇಲ್ಲಿನ ಪ್ಲಾನಿಗೆ ಆ ಸಾಲ ಸೇರುವುದಿಲ್ಲ, ಇಲ್ಲಿನವರು ನಮ್ಮ ಬ್ಯಾಂಕಿನ ಜೊತೆ ಮಾತಾಡುವುದೂ ಇಲ್ಲ. ಇಲ್ಲಿಯ ಕಾರ್ಡಿಗೆ ಕಟ್ಟದಿದ್ದರೆ ನಿನ್ನ ಹೆಸರಿಗೆ ಏಟು. ಅಲ್ಲಿ ಕಟ್ಟದಿದ್ದರೆ ಅಪ್ಪ ಕೂತಿರುವ ಮನೆಗೆ ಏಟು. ಆದ್ದರಿಂದ ಆ ಕಂತನ್ನು, ಊರಿಗೆ ಕಳಿಸಲೇಬೇಕಾದ ದುಡ್ಡನ್ನು ಮೊದಲ ದಿನವೇ ಸಲಹೆಗಾರರ ಮುಂದೆ ಇಡು. ಬ್ಯಾಂಕ್ ಕಾಗದ ತೋರಿಸು, ಅಪ್ಪನ ಮನೆ ಅಡ ಇದೆ ಅಂತ ಬಾಯಿ ಬಿಟ್ಟು ಹೇಳು. ನಾಚಿಕೊಂಡು ಊಟದ ಖರ್ಚು ಕಡಿಮೆ ಬರೆದು ಅದರೊಳಗೆ ಹೊಂದಿಸುತ್ತೇನೆ ಅನ್ನಬೇಡ, ಅಂಥ ಪ್ಲಾನ್ ಬೇಗ ಮುರಿದುಬೀಳುತ್ತದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಹೊರಡಲು ಟಿಕೆಟ್ಟಿಗೆ ಅಂತ ಸ್ವಲ್ಪ ಎತ್ತಿಡಬೇಕು ಅಂತಲೂ ಹೇಳು.

ಭಾನುವಾರ ಅಮ್ಮ ಒಬ್ಬರೇ ಇರುವಾಗ ಫೋನ್ ಮಾಡು. ನಿನ್ನ ಸಾಲದ ಮಾತು ಮೊದಲು ನೀನೇ ಹೇಳು, ಆಗ ಅವರೂ ಹೇಳುತ್ತಾರೆ. ಒಡವೆ ಎಲ್ಲಿದೆ, ಯಾರ ಹೆಸರಲ್ಲಿ ಇಟ್ಟಿದ್ದಾರೆ, ಕೊನೆಯ ತಾರೀಖು ಯಾವಾಗ, ಸೊಸೈಟಿಯಲ್ಲಿ ಏನಾದರೂ ಇದೆಯಾ, ಚೀಟಿ ಎತ್ತಿದ್ದಾರಾ, ಮಾವನಿಂದಲೋ ಅತ್ತೆಯಿಂದಲೋ ಕೈಸಾಲ ತಂದಿದ್ದಾರಾ, ಜಾಮೀನು ಯಾರು ನಿಂತಿದ್ದಾರೆ, ಎಲ್ಲ ಕೇಳು. ಏನಿಲ್ಲ ಬಿಡು ಪುಟ್ಟಿ ಅಂದರೆ ಇನ್ನೊಂದು ಸಲ ಕೇಳು. ರಸೀದಿಗಳ ಫೋಟೋ ತರಿಸಿಕೋ. ಅವೆಲ್ಲ ಕೈಗೆ ಬಂದ ಮೇಲೆ ಸೋಮವಾರ ಸ್ಟೆಪ್‌ಚೇಂಜ್‌ಗೆ ಫೋನ್ ಮಾಡು.